ಜಯಮಾಲಾ ಕೂತ ಮೇಲಿನ ಬಣ್ಣ

ಹಳೆಯ ಬೈಕಿಗೆ ಹೊಸ ಸೈಲೆನ್ಸರ್ ಹಾಕಿಸಿದಾಗಿನಿಂದ ಅನೀಲಕುಮಾರನಿಗೆ ಒಂದೇ ಚಿಂತೆ. ಏರು ಹತ್ತುವಾಗ ಪೂರ್ತಿ ರೇಸ್ ಕೊಟ್ಟರೆ ಇಂಜಿನ್ ಮುಗ್ಗರಿಸಿ ಕೆಂಡದಂತೆ ಕಾಯುತ್ತಿತ್ತು. ಬರುವ ಭಾನುವಾರ ಆಲಮಟ್ಟಿಯ ದಾರಿಯಲ್ಲಿ ಬೈಕು ಒಮ್ಮೆ ನಿಂತರೂ ಇನ್ನು ಮುಂದೆ ಬಸ್ಸಿಗೇ ಹೋಗುತ್ತೇನೆಂದು ಹೆಂಡತಿ ಜಯಮಾಲಾ ಹೇಳಿಬಿಟ್ಟಿದ್ದಳು. ಅವಳಿಲ್ಲದ ಹಿಂದಿನ ಸೀಟು ಅವನಿಗೆ ಬೇಕಿರಲಿಲ್ಲ.

"ಹೊಗಿ ಸಲೀಸ ಹೋಗಾಕತ್ತೈತಿ, ಗಾಳಿ ಜಾಸ್ತಿ ಎಳಕೊಳ್ತೈತಿ. ಪೆಟ್ರೋಲ್ ಸಾಲವಲ್ದು," ಎಂದ ಸಿಂದಗಿಯ ಮೆಕ್ಯಾನಿಕ್ ರಾವಸಾಬ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ನೂರನೇ ನಂಬರಿನ ಜೆಟ್ ತೆಗೆದು, ತೂತು ತುಸು ದೊಡ್ಡದಿರುವ ನೂರಾ ಐದರದ್ದು ಕೂಡಿಸಿದ. ಅನೀಲಕುಮಾರ ಒಬ್ಬನೇ ದೇವಣಗಾಂವ ರಸ್ತೆಯಲ್ಲಿ ಓಡಿಸಿ ಬಂದ. ಬಿಚ್ಚಿದ ಸ್ಪಾರ್ಕ್ ಪ್ಲಗ್ಗಿನ ತುದಿ ಕಂದು ಬಣ್ಣವಾಗಿತ್ತು, ಪೆಟ್ರೋಲ್ ಸಾಕಾಗುತ್ತಿರುವ ಗುರುತು. ಸರಿಯಾಯಿತು ಎಂದರು ಇಬ್ಬರೂ.

ಗ್ಯಾರೇಜಿಗೆ ಜೊತೆಗೆ ಬಂದಿದ್ದ ಜಯಮಾಲಾ ಒಪ್ಪಲಿಲ್ಲ. "ಆಲಮಟ್ಟಿಗೆ ನೀವ್ ಒಬ್ರ ಹೊಂಟೀರೇನು? ನಾ ಹಿಂದ ಕುಂತಾಗ ನೋಡ್ರಿ."

"ವೈನಿ ಹೇಳೋದು ಖರೇ ಐತಿ. ಹಿಂದಿನ ಸೀಟಿನ್ಯಾಗ ಭಾರ, ವಜ್ಜಿ ಇಲ್ದ ನೋಡಿದ್ದು ನಂದ ತಪ್ಪು," ಎಂದ ರಾವಸಾಬ.

"ವಜ್ಜಿ ಅಂದ್ರ ಯಾರು, ರಾವಸಾಬಣ್ಣಾ?" ಎಂದಳು ಜಯಮಾಲಾ.

ರಾವಸಾಬ ಪಾನಾ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದ.

ಗಂಡ ಹೆಂಡತಿ ಇಬ್ಬರೂ ಬೈಕಿನಲ್ಲಿ ಅದೇ ರಸ್ತೆಯ ಏರು ಹತ್ತಿ, ಮೇಲೆ ಇಂಜಿನ್ ಆರಿಸಿ ಪ್ಲಗ್ ಬಿಚ್ಚಿದರು. ತುದಿ ಬೆಳ್ಳಗಿತ್ತು, ಪೆಟ್ರೋಲ್ ಇನ್ನೂ ಕಡಿಮೆ. ಮರಳಿ ಬಂದು ನೂರಾ ಹತ್ತರ ಜೆಟ್ ಹಾಕಿಸಿಕೊಂಡು ಮತ್ತೆ ಅದೇ ಏರಿಗೆ ಹೋದರು. ಈ ಸಲ ಇಂಜಿನ್ ಎಲ್ಲಿಯೂ ಮುಗ್ಗರಿಸಲಿಲ್ಲ. ಪ್ಲಗ್ಗಿನ ತುದಿ ಹುರಿದ ಶೇಂಗಾದ ಬಣ್ಣಕ್ಕೆ ತಿರುಗಿತ್ತು.

ಜಯಮಾಲಾ ಅದನ್ನು ಬಿಸಿಲಿಗೆ ಹಿಡಿದು ನೋಡಿದಳು. ಅನೀಲಕುಮಾರ ಅವಳ ಮುಖ ನೋಡುತ್ತಿದ್ದ.

"ಭಾನುವಾರ ಎಷ್ಟಕ್ಕ ಬುತ್ತಿ ಕಟ್ಲಿ?" ಎಂದಳು.