ಕರ್ತ ಅಂದರೆ ಅಪ್ಪ

ಹೆಸರು ಕೇಳಿ ಮನೋರಮಾ ಕ್ರೈಸ್ತಳೆಂದು ಊಹಿಸುವವರು ಆ ಕಾಲೇಜಿನಲ್ಲಿ ಯಾರೂ ಇರಲಿಲ್ಲ. ಉಡುಪಿ ಕಡೆಯ ಪ್ರಾಟೆಸ್ಟೆಂಟರು ಚರ್ಚಿಗೆ ಸೇರಿ ತಲೆಮಾರುಗಳು ಕಳೆದರೂ ಮಕ್ಕಳಿಗೆ ಸುಧಾಕರ, ರಾಜೀವಿ, ದೇವದಾಸ ಎಂದೇ ಹೆಸರಿಡುತ್ತ ಬಂದವರು. ಊರಲ್ಲಿ ಅದು ಯಾರಿಗೂ ವಿಚಿತ್ರವಲ್ಲ. ಕಲ್ಕತ್ತೆಯಲ್ಲಿ ಮಾತ್ರ, ರೈಲ್ವೆ ಅಕೌಂಟ್ಸ್‌ನ ಸುಧಾಕರರ ಮಗಳು ಕಾಲೇಜಿಗೆ ಕಾಲಿಟ್ಟ ದಿನವೇ ಪಕ್ಕದಲ್ಲಿ ಕುಳಿತ ಶರ್ಬಾಣಿ, “ಮನೋರಮಾ! ಅಯ್ಯೋ, ನನ್ನ ಅಜ್ಜಿಯ ಹೆಸರು!” ಎಂದು ಕುಣಿದಾಡಿ, ಇವಳು ದಕ್ಷಿಣದ ಯಾವುದೋ ಮಡಿವಂತರ ಮನೆಯವಳೆಂದು ತೀರ್ಮಾನಿಸಿಬಿಟ್ಟಳು. ಮನೋರಮಾ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಸುಮ್ಮನಿದ್ದರೆ ಸುಳ್ಳು ಹೇಳಿದ ಹಾಗಾಗುವುದಿಲ್ಲವಲ್ಲ ಎಂದುಕೊಂಡಳು. ಸುಮ್ಮನಿರುವವರೆಲ್ಲ ಅಂದುಕೊಳ್ಳುವುದು ಅದನ್ನೇ.

ಬಂಗಾಳದಲ್ಲಿ ಕಮ್ಯುನಿಸ್ಟರ ಎಡರಂಗ ಎರಡನೇ ಸಲ ಗೆದ್ದು ಬಂದಿದ್ದ ಕಾಲ. ಕಾಲೇಜಿನ ಗೋಡೆಯಲ್ಲಿ ಘೋಷಣೆ ಬರೆಯದ ಜಾಗ ಹುಡುಕಿದರೂ ಸಿಗುತ್ತಿರಲಿಲ್ಲ. ಇತಿಹಾಸ ಕಲಿಸುತ್ತಿದ್ದ ಎನ್.ಡಿ. ಸರ್ ಪಾಠ ಕೇಳಲು ಬೇರೆ ವಿಭಾಗದವರೂ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಒಳ್ಳೆಯ ಮನುಷ್ಯ, ಪುಸ್ತಕ ಇಲ್ಲದವರಿಗೆ ತಮ್ಮದನ್ನೇ ಕೊಟ್ಟು ಮರೆತುಬಿಡುವವರು. ಆದರೆ ಬಾಯಿ ಸ್ವಲ್ಪ ಖಾರ. ಒಮ್ಮೆ ಮುಂದಿನ ಬೆಂಚಿನವನ ತೋಳಿನಲ್ಲಿದ್ದ ತಾಯಿತ ನೋಡಿ, “ಪರೀಕ್ಷೆಯಲ್ಲಿ ಉತ್ತರ ಬರೆಯುವುದು ನೀನೋ, ಇದೋ?” ಎಂದರು. ಇಡೀ ಕ್ಲಾಸು ನಕ್ಕಿತು. ಮನೋರಮಾ ಕೂಡ ನಕ್ಕಳು, ಉಳಿದವರಿಗಿಂತ ಒಂದು ಪಾಲು ಜಾಸ್ತಿಯೇ. ಆದರೆ ಅವಳೇನು ಅಪ್ಪ ಅಮ್ಮನ ಒತ್ತಾಯಕ್ಕೆ ಚರ್ಚಿಗೆ ಹೋಗುವವಳಲ್ಲ. ಅವಳಿಗೆ ನಿಜವಾಗಿ ನಂಬಿಕೆಯಿತ್ತು. ತಾಯಿತದವನಿಗೆ ಆದದ್ದು ನಾಳೆ ತನಗೂ ಆದರೆ ಎಂಬ ಹೆದರಿಕೆಯೂ ಅಷ್ಟೇ ನಿಜವಾಗಿತ್ತು.

ಒಂದು ಅಭ್ಯಾಸ ಮಾತ್ರ ಬಿಡಲಾಗಲಿಲ್ಲ. ಊಟಕ್ಕೆ ಮುಂಚೆ ತಲೆ ತಗ್ಗಿಸಿ “ಕರ್ತನೇ” ಎಂದು ಶುರುಮಾಡಿ ಎರಡು ಮಾತಿನ ಪ್ರಾರ್ಥನೆ ಹೇಳದೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕ್ಯಾಂಟೀನಿನ ಗಲಾಟೆಯಲ್ಲಿ ಯಾರಿಗೆ ಕೇಳಿಸುತ್ತದೆ ಎಂದುಕೊಂಡಿದ್ದಳು. ಶರ್ಬಾಣಿಯ ಕಿವಿ ಪಾತಾಳದ ಪಿಸುಮಾತನ್ನೂ ಹಿಡಿಯುವಂಥದ್ದು.

“ಕೊರ್ತಾ? ಯಾರೇ ನಿನ್ನ ಕೊರ್ತಾ?”

ಕನ್ನಡದ ಚರ್ಚಿನಲ್ಲಿ ಕರ್ತನೆಂದರೆ ದೇವರು. ಬಂಗಾಳಿಯಲ್ಲಿ ಕೊರ್ತಾ ಎಂದರೆ ಮನೆಯ ಯಜಮಾನ, ಇಲ್ಲವೇ ಗಂಡ. ಮೇಜಿನ ಸುತ್ತ ಇದ್ದವರೆಲ್ಲ ಓ ಎಂದು ಕೂಗಿದರು. ಮನೋರಮಾಳ ಮುಖ ಕೆಂಪಾಯಿತು. ನಿಜ ಹೇಳಲು ಬಾಯಿ ತೆರೆದವಳು, “ಛೆ, ಅದು ಅಪ್ಪ! ನಮ್ಮ ಕಡೆ ಅಪ್ಪನಿಗೆ ಹಾಗೆ ಹೇಳುತ್ತಾರೆ. ಊಟಕ್ಕೆ ಮುಂಚೆ ಅವರನ್ನು ನೆನೆದು ತಲೆಬಾಗಬೇಕು,” ಎಂದುಬಿಟ್ಟಳು. ಸುಳ್ಳು ಅಷ್ಟು ಸಲೀಸಾಗಿ ಹೇಗೆ ಬಂತೆಂದು ಅವಳಿಗೇ ತಿಳಿಯಲಿಲ್ಲ.

ಹುಡುಗಿಯರಿಗೆ ಇದು ತಮಾಷೆಯಾಗಿ ಉಳಿಯಲಿಲ್ಲ. ಈ ಕಾಲದಲ್ಲೂ ಮಗಳಿಂದ ನಮಸ್ಕಾರ ಮಾಡಿಸಿಕೊಂಡು ಅನ್ನ ಹಾಕುವ ಅಪ್ಪ! ಊಳಿಗಮಾನ್ಯದ ಅವಶೇಷಗಳ ಪಾಠ ನಡೆದಾಗ ಶರ್ಬಾಣಿ ಎದ್ದು ನಿಂತು, “ಸರ್, ಬದುಕಿರುವ ಉದಾಹರಣೆಯೇ ನಮ್ಮಲ್ಲಿದೆ,” ಎಂದು ಎಲ್ಲ ಹೇಳಿದಳು. ಎನ್.ಡಿ. ಸರ್ ನಗಲಿಲ್ಲ. ಮೃದುವಾಗಿ, “ನಿನ್ನ ತಂದೆ ಬಲವಂತ ಮಾಡುತ್ತಾರಾ ಮಗಳೇ?” ಎಂದು ಕೇಳಿದರು. ಆಗಲಾದರೂ ಅಲ್ಲವೆನ್ನಬಹುದಿತ್ತು. ಅವಳು “ಹೌದು” ಎಂದಳು. ಇಡೀ ಕ್ಲಾಸು ಅವಳನ್ನು ಕನಿಕರದಿಂದ ನೋಡಿತು. ಜೀವಮಾನದಲ್ಲಿ ಒಬ್ಬರ ಮೇಲೂ ಕೈ ಎತ್ತದ, ಮೀನಿನ ನಡುಭಾಗ ಯಾವತ್ತೂ ಮಗಳ ತಟ್ಟೆಗೇ ಬಡಿಸಿ ತಲೆ ತಾವು ಇಟ್ಟುಕೊಳ್ಳುವ ಸುಧಾಕರರು ಹೀಗೆ ಕ್ರೂರಿಯಾದರು. ಆ ದಿನ ಮನೆಗೆ ಹೋಗಿ ಅಪ್ಪನ ಮುಖ ನೋಡಲು ಅವಳಿಗೆ ನಾಚಿಕೆಯಾಯಿತು. ಆದರೂ ಮೀನು ತಿಂದಳು.

ಹಾಗೇ ನಡೆದುಹೋಗುತ್ತಿತ್ತೇನೋ. ಆದರೆ ಒಂದು ಮಧ್ಯಾಹ್ನ ದೊಡ್ಡ ಮೆರವಣಿಗೆ ಹೊರಟು ಟ್ರಾಮು ಬಸ್ಸು ಎಲ್ಲ ನಿಂತವು. ಮಗಳು ಹೇಗೆ ಬರುತ್ತಾಳೋ ಎಂದು ಆಫೀಸಿನಿಂದ ಬೇಗ ಹೊರಟ ಸುಧಾಕರರು, ಕೊಡೆ ಊರಿಕೊಂಡು ನಡೆದು ನೇರ ಕಾಲೇಜಿಗೇ ಬಂದರು. ಕ್ಯಾಂಟೀನಿನ ಬಾಗಿಲಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತ ಸಪೂರ ಮನುಷ್ಯನನ್ನು ನೋಡಿ ಮನೋರಮಾ ಪುಸ್ತಕ ಬಾಚಿಕೊಂಡಳು.

“ಪಪ್ಪ, ಹೋಗುವ,” ಎಂದು ಎದ್ದಳು.

“ಸ್ವಲ್ಪ ಕೂತ್ಕೊಳ್ತೇನೆ ಮಗಾ, ಕಾಲು ಸೋತು ಹೋಗಿದೆ.”

ಪಪ್ಪ ಎಂಬ ಮಾತೇ ಸಾಕಾಯಿತು, ಆ ಅಪ್ಪ ಇವರೇ ಎಂದು ಮೇಜಿನಲ್ಲಿದ್ದ ಶರ್ಬಾಣಿಗೆ ತಿಳಿಯಿತು. ಕುರ್ಚಿ ಎಳೆದಳು, ಚಹಾ ತರಿಸಿದಳು, ಬಿಸಿ ಸಿಂಗಾರಾ ತರಿಸಿದಳು. ಸಮೋಸಕ್ಕೆ ಅಲ್ಲಿ ಹೆಸರು ಅದು. ಸುಧಾಕರರು ಸಂಕೋಚದಿಂದ ತಟ್ಟೆ ಹತ್ತಿರ ಎಳೆದುಕೊಂಡು, ಎಲ್ಲಿದ್ದರೂ ಮಾಡುವಂತೆ, ಎರಡು ಕೈ ಜೋಡಿಸಿ ಕಣ್ಣು ಮುಚ್ಚಿದರು. ಈಗ ಬಾಯಿ ತೆರೆಯುತ್ತಾರೆ, ಈಗ ‘ಕರ್ತನೇ’ ಎನ್ನುತ್ತಾರೆ ಎಂದು ಮನೋರಮಾ ಅವರ ತುಟಿಯನ್ನೇ ನೋಡುತ್ತಿದ್ದಳು.

“ಮೇಶೋಮಶಾಯ್,” ಎಂದಳು ಶರ್ಬಾಣಿ. ಸ್ನೇಹಿತೆಯ ತಂದೆಯನ್ನು ಹಾಗೆ ಕರೆಯುವುದು ವಾಡಿಕೆ; ದನಿ ಮಾತ್ರ ವಿಚಾರಣೆಯದ್ದು. “ತಪ್ಪು ತಿಳಿಯಬೇಡಿ. ಮನೋರಮಾ ಊಟಕ್ಕೆ ಮುಂಚೆ ಕೊರ್ತಾ ಕೊರ್ತಾ ಎಂದು ನಿಮಗೆ ತಲೆಬಾಗಬೇಕಂತೆ. ಇಲ್ಲಿ ನೀವು ಇಲ್ಲದಿದ್ದಾಗಲೂ ಹೆದರಿ ಬಾಗುತ್ತಾಳೆ. ಓದುವ ಮಗಳನ್ನು ಹೀಗೆ ಇಡುವುದು ನಿಮಗೆ ಸರಿ ಕಾಣುತ್ತದೆಯೇ?”

ಸುಧಾಕರರು ಕಣ್ಣು ತೆರೆದರು. ಅವರಿಗೆ ಬಂಗಾಳಿ ಚೆನ್ನಾಗಿ ಗೊತ್ತಿತ್ತು, ಗೊತ್ತಿಲ್ಲದಿದ್ದರೆ ಎಷ್ಟೋ ಚೆನ್ನಾಗಿತ್ತು. ಶರ್ಬಾಣಿಯನ್ನು ನೋಡಿದರು, ಆಮೇಲೆ ಮಗಳನ್ನು. ಮನೋರಮಾ ತಲೆ ಎತ್ತಲಿಲ್ಲ. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

“ಹೌದಮ್ಮ,” ಎಂದರು ಬಂಗಾಳಿಯಲ್ಲಿ. “ನಮ್ಮದು ಹಳೇ ಕಾಲದ ಮನೆ. ತಪ್ಪಾಯಿತು. ಇನ್ನು ಮೇಲೆ ಹಾಗೆ ಮಾಡಿಸುವುದಿಲ್ಲ.” ಜೋಡಿಸಿದ ಕೈಗಳು ಹಾಗೇ ಇದ್ದವು, ಶರ್ಬಾಣಿಗೆ ಅದು ಕ್ಷಮೆ ಕೇಳುವಂತೆ ಕಂಡಿತು.

ಆಮೇಲೆ ಕೈ ಬಿಡಿಸಿ ಸಿಂಗಾರಾ ಮುರಿದು ಬಾಯಿಗೆ ಹಾಕಿಕೊಂಡರು. ಅಪ್ಪ ಪ್ರಾರ್ಥನೆ ಮಾಡದೆ ತಿಂದದ್ದನ್ನು ಮನೋರಮಾ ಹುಟ್ಟಿದ ಮೇಲೆ ಕಂಡದ್ದು ಅದೇ ಮೊದಲು. ಅವರು ನಿಧಾನವಾಗಿ, ಪೂರ್ತಿ ತಿಂದರು.

ಸಿಯಾಲ್ದಾದ ತಮ್ಮ ರೈಲ್ವೆ ಕ್ವಾರ್ಟರ್ಸ್‌ವರೆಗೆ ಮೆರವಣಿಗೆಯ ಪಕ್ಕದಲ್ಲೇ ನಡೆದರು. ಬೈಯಲಿ, ಒಂದು ಬಾರಿಸಲಿ ಎಂದು ಅವಳು ಕಾದಳು. ಅವರು ಜನರ ನೂಕಾಟದಲ್ಲಿ ಅವಳ ಕೈ ಹಿಡಿದುಕೊಂಡಿದ್ದರು, ಅಷ್ಟೇ.

“ಪಪ್ಪ, ಸಾರಿ,” ಎಂದಳು ಕೊನೆಗೆ. “ನಿಮಗೆ ಕೋಪ ಇಲ್ವಾ?”

“ನಿನ್ನ ಮೇಲೆ ಎಂತಕ್ಕೆ ಕೋಪ?” ಎಂದರು. “ನಾನು ಹೇಳ್ಬಹುದಿತ್ತು, ಅಲ್ವಾ? ನಾವು ಕ್ರಿಶ್ಚಿಯನ್ನರು, ಅವಳು ದೇವರ ಹತ್ರ ಮಾತಾಡ್ತಾಳೆ ಅಂತ. ಅಷ್ಟೇ ಇದ್ದದ್ದು. ನಿನ್ನ ಮುಖ ನೋಡಿದೆ, ಬಾಯಿ ಬರ್ಲಿಲ್ಲ.”

ರಾತ್ರಿಯ ಊಟಕ್ಕೆ ಕುಳಿತಾಗ ಅಮ್ಮ ರಾಜೀವಿ ಬಡಿಸಿ, ರೂಢಿಯಂತೆ ಗಂಡನ ಪ್ರಾರ್ಥನೆಗೆ ಕಾದರು. ಸುಧಾಕರರು ಅನ್ನ ನೋಡುತ್ತ ಕುಳಿತೇ ಇದ್ದರು.

“ಇವತ್ತು ನೀನು ಮಾಡು ರಾಜೀವಿ. ನನಗೆ ಬಾಯಿ ಎತ್ಲಿಕ್ಕೆ ಆಗೂದಿಲ್ಲ.”

“ಎಂತ, ಹಲ್ಲುನೋವಾ?” ಎಂದು ಕೇಳಿ, ಅಮ್ಮ ತಾವೇ ಪ್ರಾರ್ಥನೆ ಹೇಳಿದರು. ಮನೋರಮಾಳ ಕಣ್ಣಿಂದ ನೀರು ಸುರಿಯುತ್ತಿತ್ತು. ಅಪ್ಪನಿಗೆ ತನ್ನ ಮೇಲೆ ಸಿಟ್ಟು ಬಂದಿದ್ದರೆ ತಡೆದುಕೊಳ್ಳಬಹುದಿತ್ತು. ದೇವರ ಮುಂದೆ ಅವರು ನಾಚಿ ಕುಳಿತದ್ದನ್ನು ತಡೆಯಲಾಗಲಿಲ್ಲ.

ಮಾರನೇ ದಿನ ಎನ್.ಡಿ. ಸರ್ ಹಾಜರಿ ಮುಗಿಸುವುದಕ್ಕೇ ಕಾದಿದ್ದು ಎದ್ದು ನಿಂತಳು. “ಸರ್, ನಾನು ಕ್ರಿಶ್ಚಿಯನ್. ಕರ್ತ ಅಂದರೆ ನನ್ನ ಅಪ್ಪ ಅಲ್ಲ, ದೇವರು. ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡುತ್ತೇನೆ. ಮುಂದೆಯೂ ಮಾಡುತ್ತೇನೆ. ನೀವೆಲ್ಲ ನಗುತ್ತೀರೆಂದು ಹೆದರಿ ಸುಳ್ಳು ಹೇಳಿದೆ.”

ಹಿಂದಿನಿಂದ ಯಾರೋ, “ಹಾಗಾದರೆ ಕ್ರಿಸ್ಮಸ್ಸಿಗೆ ಕೇಕು ನಿಮ್ಮ ಮನೆಯಲ್ಲೇ!” ಎಂದು ಕೂಗಿದರು. ಎಲ್ಲರೂ ನಕ್ಕರು, ಆ ನಗುವಿನಲ್ಲಿ ಕುಹಕವಿರಲಿಲ್ಲ. ಎನ್.ಡಿ. ಸರ್ ಕನ್ನಡಕ ತೆಗೆದು, “ಇಷ್ಟೇನಾ? ನಾನು ನಿನ್ನ ಜೊತೆ ವಾದ ಮಾಡುತ್ತಿದ್ದೆ, ನಿಜ. ಬಿಡುತ್ತಲೂ ಇರಲಿಲ್ಲ. ಹಾಗಂತ ತಿಂದುಬಿಡುತ್ತಿದ್ದೆನೇ?” ಎಂದರು.

ನಗದೆ ಕುಳಿತವಳು ಶರ್ಬಾಣಿ ಒಬ್ಬಳೇ.

“ಮತ್ತೆ ಮೇಶೋ ಯಾಕೆ ಹೌದು ಅಂದರು?” ಎಂದು ಕೇಳಿದಳು. “ಅಷ್ಟು ಜನರ ಮುಂದೆ ನಾನು ಅವರನ್ನು ಹಂಗಿಸಿದೆ. ಅವರು ಕೈ ಜೋಡಿಸಿಕೊಂಡೇ ತಪ್ಪಾಯಿತು ಅಂದರಲ್ಲ. ಯಾಕೆ?”

ದೇವರ ಬಗ್ಗೆ ಏನು ಕೇಳಿದರೂ ಹೇಳಲು ಮನೋರಮಾ ದಾರಿಯುದ್ದಕ್ಕೂ ಉತ್ತರ ಕಟ್ಟಿಕೊಂಡು ಬಂದಿದ್ದಳು. ಅಪ್ಪನ ಬಗ್ಗೆ ಕೇಳುತ್ತಾರೆಂದು ಎಣಿಸಿರಲಿಲ್ಲ.

“ನಾನು ಸುಳ್ಳು ಹೇಳಿದ್ದೆ ಅಂತ ನಿಮಗೆ ಗೊತ್ತಾಗಬಾರದು ಅಂತ,” ಎಂದಳು.

ಕ್ರಿಶ್ಚಿಯನ್ ಎನ್ನುವಾಗ ನಡುಗದಿದ್ದ ದನಿ ಇಷ್ಟು ಹೇಳುವಷ್ಟರಲ್ಲಿ ಒಡೆದುಹೋಯಿತು. ಕ್ಲಾಸಿನಲ್ಲಿ ಈಗ ಯಾರೂ ನಗುತ್ತಿರಲಿಲ್ಲ. ನಕ್ಕಿದ್ದರೇ ವಾಸಿಯಿತ್ತು.