ದೇವಕ್ಕ ಆಡದ ಮಾತು

ಒಬ್ಬರು ಆಡದ ಮಾತನ್ನು ಅವರ ಬಾಯಿಗೆ ತುರುಕಿ, ಅದನ್ನು ಸಂಶೋಧನೆಯೆಂದು ಕರೆಯುವ ಹಕ್ಕನ್ನು ನಿಮಗೆ ಕೊಟ್ಟವರು ಯಾರು?

ಸಂಶೋಧನಾ ವಿದ್ಯಾರ್ಥಿ ಮಯೂರನ ಪ್ರಬಂಧ ಸೋಮವಾರ ವಿಶ್ವವಿದ್ಯಾಲಯಕ್ಕೆ ಸಲ್ಲಬೇಕಿತ್ತು. ಮಾರ್ಗದರ್ಶಕಿ ಊರ್ಮಿಳಾ ಅವರ ಸಹಿಯೊಂದೇ ಬಾಕಿ. ವಿಷಯ, ಸಂಶಿ ಎಂಬ ಹಳ್ಳಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಆರೋಗ್ಯ. ಭಾಷೆ ನುಣುಪಾಗಿತ್ತು. ಆ ನುಣುಪೇ ಊರ್ಮಿಳಾರಲ್ಲಿ ಸಂಶಯ ಹುಟ್ಟಿಸಿತು. ಕೂಲಿಯ ಮುದುಕಿ ದೇವಕ್ಕ ಹೇಳಿದಳೆಂಬ ಸಾಲೊಂದರ ಬಳಿ ಅವರ ಪೆನ್ನು ನಿಂತಿತು: ‘ನನ್ನ ಪತಿ ಸಣ್ಣಪ್ಪ ನನಗೆ ಬೆಂಬಲ ನೀಡುತ್ತಾರೆ.’

ಪ್ರಾಸದ ಒಡಪಿನೊಳಗೆ ಅಡಗಿಸದೆ ಗಂಡನ ಹೆಸರೆತ್ತದ ತಲೆಮಾರು ಅದು.

“ಯಾವ ಸೀಮಿ ಮುದುಕಿಪಾ ಈಕಿ, ಒಡಪು ಹಾಕದೇ ಗಂಡನ ಹೆಸರು ಹೇಳಾಕಿ? ನೀ ಸಂಶಿಗೆ ಹೋಗಿದ್ಯೋ ಇಲ್ಲೋ?”

“ಖರೇನ ಹೋಗೀನ್ರಿ ಮೇಡಂ. ರೆಕಾರ್ಡ್ ಮಾಡಿ ಎಐಗೆ ಕೊಟ್ಟೆ. ಅದು ಚಂದಾಗಿ ಬರಕೊಡ್ತು.”

“ಬರದದ್ದನ್ನ ರೆಕಾರ್ಡ್ ಕೇಳಿ ತಾಳೆ ನೋಡಿದೇನು?”

“ಇಲ್ರಿ ಮೇಡಂ.”

“ಏಳು, ಸಂಶಿಗೆ ಹೋಗೂಣು.”

ಸಂಶಿಯಲ್ಲಿ, ಖಾರದ ಘಾಟಿನ ನಡುವೆ, ಊರ್ಮಿಳಾ ಆ ಸಾಲನ್ನು ದೇವಕ್ಕನಿಗೆ ಓದಿ ಹೇಳಿದರು. ಪಕ್ಕದಲ್ಲಿ ಕಾಯಿ ಬಿಡಿಸುತ್ತಿದ್ದ ಬಾಷಾಬಿ ಬಿದ್ದು ಬಿದ್ದು ನಕ್ಕಳು. “ಗಂಡನ ಹೆಸರು ಹಿಡದ ಕರದೀಯಂತಲ್ಲಬೇ ದೇವಕ್ಕಾ! ಕಾಲ ಕೆಟ್ಟೈತಿ ಬಿಡು!”

“ಸುಮ್ಮ ಕೂಡಬೇ! ಒಡಪು ಹಾಕೇ ಹೇಳೀನ್ರಿ ಅಕ್ಕಾರ.”

ಊರ್ಮಿಳಾ ಮುಂದಿನ ಸಾಲು ಓದಿದರು: ‘ಕೈ ಉರಿ ರೂಢಿಯಾಗಿದೆ, ವಿಶೇಷ ತೊಂದರೆಯಿಲ್ಲ.’

ನಗೆ ನಿಂತಿತು. ದೇವಕ್ಕ ಮಯೂರನತ್ತ ತಿರುಗಿದಳು.

“ತೊಂದ್ರಿ ಇಲ್ಲಂತ ಯಾವಾಗ ಹೇಳೀನೋ ತಮ್ಮಾ? ಮೊಮ್ಮಗಳ ಮಾರಿ ಮುಟ್ಟಾಕ ಬರಂಗಿಲ್ಲ, ಮುಟ್ಟಿದ್ರ ಕೂಸು ಚೀರತೈತಿ ಅಂದಿದ್ನಿ. ಅದೆಲ್ಲಿ ಹೋತು?”

ಮಯೂರ ಮೊಬೈಲಿನಲ್ಲಿ ಆ ರೆಕಾರ್ಡ್ ಹಚ್ಚಿದ. ಅದೇ ಮಾತು, ಅದೇ ದನಿ, ಅದರೊಳಗಿತ್ತು. ಯಂತ್ರ ಅದನ್ನು ಅಳಿಸಿತ್ತು. ಅಳಿಸಿದ್ದನ್ನು ಇವನು ಪರೀಕ್ಷಿಸದೆ ಸತ್ಯವೆಂದು ಮುದ್ರಿಸಿದ್ದ. ಯಂತ್ರಕ್ಕೆ ನಾಚಿಕೆಯಿಲ್ಲ, ಸರಿ. ವಿದ್ಯಾವಂತನಿಗಾದರೂ ಇರಬಾರದೇ?

“ಎಲ್ಲಾರೂ ಹಿಂಗ ಮಾಡ್ತಾರ್ರಿ ಮೇಡಂ. ಸೋಮವಾರ ತಪ್ಪಿದ್ರ ವರ್ಷ ಹೋಗ್ತದ್ರಿ.”

“ಹೋಗ್ಲಿ. ಎಐ ಬಳಸಬ್ಯಾಡ ಅನ್ನಂಗಿಲ್ಲ ನಾ. ಎಲ್ಲೆಲ್ಲಿ ಬಳಸೀ ಅನ್ನೋದನ್ನ ಬರಿ. ಇವರ ಒಂದೊಂದು ಮಾತೂ ಇವರಿಗೇ ಓದಿ ಹೇಳು. ಆಮ್ಯಾಲ ಸಹಿ.”

ಸಹಿ ಬೀಳಲಿಲ್ಲ. ಮಯೂರ ಗೋಣಿಚೀಲದ ಮೇಲೆ ಕುಳಿತು, ದೇವಕ್ಕನಿಗೆ ಮೊದಲ ಪುಟ ಓದತೊಡಗಿದ.

ಅಧ್ಯಾಪಕರೇ, ನಿಮ್ಮ ಮೇಜಿನ ಮೇಲೂ ಇಂಥದೊಂದು ಪ್ರಬಂಧ ಈಗ ಕಾದು ಕುಳಿತಿರಬಹುದು. ಈಗಲೇ ಸಹಿ ಹಾಕಬೇಡಿ. ಅದರಲ್ಲಿ ಮಾತಾಡಿದವರೆನ್ನಲಾದ ಒಬ್ಬರನ್ನಾದರೂ ಹುಡುಕಿಕೊಂಡು ಹೋಗಿ, ಓದಿ ಕೇಳಿಸಿ.