ಬಿಳಿ ಬುಡ

ಮರ ಉರುಳಿದ ಸದ್ದು ಅಡಗುವ ಮೊದಲೇ ಜೇಬೆಜ್‌ಗೆ ತಾನು ಮಾಡಿದ ತಪ್ಪು ಗೊತ್ತಾಗಿಹೋಯಿತು. ಕೊಯ್ದ ಬುಡ ಬೆಳ್ಳಗಿತ್ತು. ಬೆಳಗಿನಿಂದ ಕೆಡವಿದ ಆರೂ ಆಶ್ ಮರಗಳ ತಿರುಳು ಹುಳುಕು ಹಲ್ಲಿನಂತೆ ಕಂದಿತ್ತು. ಇದರಲ್ಲಿ ಒಂದು ಕಲೆಯೂ ಇಲ್ಲ. ಮೋಟಾರು ಗರಗಸ ಆರಿಸಿ, ಬಿದ್ದ ಮರದ ತುದಿಗೆ ಹೋಗಿ ಒಂದು ರೆಂಬೆ ಬಗ್ಗಿಸಿದ. ಬಾಗಿತು, ಮುರಿಯಲಿಲ್ಲ.

ರೋಗ ಹೊಕ್ಕ ಎಂಟು ವರ್ಷದಲ್ಲಿ ಇಂಗ್ಲೆಂಡಿನ ಸಫೊಕ್‌ನ ಈ ಕಾಡಿನ ಆಶ್ ಮರಗಳೆಲ್ಲ ಒಣಗುತ್ತ ಬಂದಿದ್ದವು. ಕಾಲುದಾರಿಯ ಮೇಲೆ ಕೊಂಬೆಗಳು ಬೀಳುತ್ತವೆಂದು, ಹಕ್ಕಿಗಳು ಗೂಡು ಕಟ್ಟುವುದರೊಳಗೆ ಅವನ್ನು ಕಡಿದು ಮುಗಿಸಬೇಕಿತ್ತು, ಒಂದನ್ನು ಬಿಟ್ಟು. ಬೇಸಿಗೆಯಲ್ಲಿ ಆ ಒಂದೇ ಮರ ರೋಗ ತಟ್ಟದೆ ಮೈತುಂಬ ಎಲೆ ಹೊತ್ತು ನಿಂತದ್ದನ್ನು ಕಂಡವಳು ಅವನ ಅಕ್ಕ ಹೆಸ್ಟರ್. ಬಣ್ಣ ಬಳಿದು ಗುರುತು ಮಾಡಿಡು ಎಂದಿದ್ದಳು. ಐದು ತಲೆಮಾರಿನಿಂದ ಕಡಿದು ಚಿಗುರಿಸಿ, ಕಡಿದು ಚಿಗುರಿಸಿ ಈ ಕಾಡನ್ನು ಉಳಿಸಿಕೊಂಡು ಬಂದ ಮನೆತನ ಅವರದು. ಜೇಬೆಜ್ ರೇಗಿದ್ದ. "ನಮ್ಮಪ್ಪ ಯಾವತ್ತು ಬಣ್ಣ ಹಿಡ್ಕೊಂಡು ಓಡಾಡಿದ್ದ? ತೊಗಟೆ ಮುಟ್ಟಿದ್ರೆ ಸಾಕು ನಂಗೆ."

ಎಲೆ ಉದುರಿದ ಮೇಲೆ ಎಲ್ಲ ಮರಗಳೂ ಒಂದೇ ಥರ ಬೋಳಾದವು.

ಓಕ್ ಮರದ ಕೆಳಗೆ ಹೇಜಲ್ ಗಿಡದ ಕಡ್ಡಿಯ ತಡಿಕೆ ಹೆಣೆಯುತ್ತಿದ್ದ ಹೆಸ್ಟರ್ ಎದ್ದು ಬಂದಳು. ಬುಡವನ್ನೇ ನೋಡುತ್ತ ನಿಂತಳು.

"ಮುಟ್ಟಿ ನೋಡಿದ್ಯೇನೋ ತೊಗಟೇನ?"

"ಕೈಗೆ ಗ್ಲೌಸ್ ಇತ್ತು."

"ಬಾಯಿಗೂ ಒಂದು ಹಾಕ್ಕೋಬೇಕಿತ್ತು ಆವತ್ತು."

"ಬೈ, ಅಕ್ಕ. ಇನ್ನೂ ಬೈ."

"ಬೈದ್ರೆ ಎದ್ದು ನಿಲ್ಲುತ್ತಾ ಅದು?"

ಅವನು ಮುಖ ತಿರುಗಿಸಿಕೊಂಡ. "ಬುಡದಿಂದ ಚಿಗುರುತ್ತೆ."

"ಚಿಗುರುತ್ತೆ. ಜಿಂಕೆ ಮೇಯುತ್ತೆ. ಮೇಯದೆ ಬಿಟ್ರೂ ಮರ ಆಗೋದನ್ನ ನೀನೂ ನೋಡಲ್ಲ, ನಾನಂತೂ ಇಲ್ವೇ ಇಲ್ಲ." ಅವಳಿಗೆ ಎಪ್ಪತ್ತನಾಲ್ಕು ನಡೆಯುತ್ತಿತ್ತು.

ಜೇಬೆಜ್ ಮಚ್ಚು ತೆಗೆದುಕೊಂಡು ಬಿದ್ದ ಮರದ ರೆಂಬೆಗಳನ್ನು ಸವರತೊಡಗಿದ. ಅವಳು ಒಂದೊಂದನ್ನೇ ಎಳೆದು ತಂದು ಬುಡದ ಮೇಲೆ ಅಡ್ಡಡ್ಡ ಒಟ್ಟಿದಳು, ಜಿಂಕೆಯ ಮೂತಿ ಒಳಗೆ ತೂರದ ಹಾಗೆ. ಸಾಕು ಎಂದು ಇಬ್ಬರೂ ಹೇಳಲಿಲ್ಲ. ರಾಶಿ ಅವಳ ಎದೆಯೆತ್ತರಕ್ಕೆ ಬಂತು. ಅದಕ್ಕೂ ಮೇಲೆ, ಅವಳಿಗೆ ಎಟುಕದ ಕಡೆ ಅವನು ಒಟ್ಟಿದ.